ಟರ್ಕಿ ಬೇಯುವಷ್ಟರಲ್ಲಿ ಮೇಜಿನ ಸಿಂಗಾರ

15 ಪೌಂಡಿನ, ಎಂದರೆ ಹೆಚ್ಚುಕಡಿಮೆ 7 ಕಿಲೋ ತೂಗುವ ಟರ್ಕಿ ಕೋಳಿ 325 ಡಿಗ್ರಿ ಫ್ಯಾರನ್‌ಹೀಟ್ ಕಾವಿನ ಓವನ್‌ನಲ್ಲಿ ಬೇಯಲು ಸುಮಾರು ನಾಲ್ಕು ಗಂಟೆ ತೆಗೆದುಕೊಳ್ಳುತ್ತದೆ. ಒಳಗಿನ ಮಾಂಸ 165 ಡಿಗ್ರಿ ಮುಟ್ಟುವ ತನಕ ಅದನ್ನು ಹೊರಗೆ ತೆಗೆಯುವಂತಿಲ್ಲ. ನವೆಂಬರ್ ತಿಂಗಳ ನಾಲ್ಕನೇ ಗುರುವಾರ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಅಮೆರಿಕದ ಮನೆಗಳಲ್ಲಿ ಈ ನಾಲ್ಕು ಗಂಟೆಯನ್ನು ಕಳೆಯುವುದೇ ಒಂದು ಸಮಸ್ಯೆ. ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಕ್ಕಳಿಗೆ ಹಸಿವು, ಬೇಸರ ಎರಡೂ. ನ್ಯೂಯಾರ್ಕಿನ ಮೇಸಿ ಮಳಿಗೆಯವರು 1924ರಿಂದ ನಡೆಸುತ್ತ ಬಂದಿರುವ ಬಲೂನು ಮೆರವಣಿಗೆ ಟಿವಿಯಲ್ಲಿ ಮಧ್ಯಾಹ್ನದ ಹೊತ್ತಿಗೇ ಮುಗಿದಿರುತ್ತದೆ. ಐದಾರು ಗಂಟೆ ಕಾರು ಓಡಿಸಿಕೊಂಡು ಬಂದ ನೆಂಟರು ‘ಏನಾದರೂ ಮಾಡಿಕೊಡಲೇ?’ ಎಂದು ಅಡುಗೆಮನೆಯ ಬಾಗಿಲಲ್ಲಿ ಇಣುಕಿ, ‘ಏನೂ ಬೇಡ, ಕೂತಿರಿ’ ಎನ್ನಿಸಿಕೊಂಡು ವಾಪಸಾಗುತ್ತಾರೆ. ಊಟದ ಮೇಜನ್ನು ಸಿಂಗರಿಸುವ ಕೆಲಸ ಇವರಿಗೆಲ್ಲ ಹೇಳಿ ಮಾಡಿಸಿದ್ದು. ಕತ್ತರಿ, ದಾರ, ಕಾಗದ ಕೈಗೆ ಕೊಟ್ಟರೆ ಮನೆ ತಣ್ಣಗಾಗುತ್ತದೆ.

ಹೆಂಗಸರ ಮಾಸಿಕಗಳ ನವೆಂಬರ್ ಸಂಚಿಕೆಯಲ್ಲಿ ಬರುವ ಮೇಜುಗಳ ಚಿತ್ರ ನೋಡಿದರೆ ಮಾತ್ರ ಎದೆ ಒಡೆಯುತ್ತದೆ. ಹಿತ್ತಾಳೆಯ ದೀಪದ ಕಂಬಗಳು, ಚಿನ್ನದ ಬಣ್ಣ ಬಳಿದ ಕುಂಬಳಕಾಯಿ, ಎದುರು ಕೂತವರ ಮುಖವೇ ಕಾಣದಷ್ಟು ಎತ್ತರದ ಹೂಗುಚ್ಛ. ಊಟದ ತಟ್ಟೆ ಇಡಲು ಜಾಗ ಎಲ್ಲಿ ಎಂದು ಹುಡುಕಬೇಕು. ಅಷ್ಟೆಲ್ಲ ದುಡ್ಡು ಸುರಿದ ಮೇಜು ಪತ್ರಿಕೆಯ ಪುಟಕ್ಕೆ ಸರಿ, ಮನೆಗಲ್ಲ. ಮನೆಯ ಮೇಜಿನ ಮೇಲೆ ಇಡುವ ವಸ್ತು ಅಂಗಳದಿಂದಲೋ ಅಡುಗೆಮನೆಯಿಂದಲೋ ಬರಬೇಕು, ಮರುದಿನ ಸಾರಿಗೋ ಗೊಬ್ಬರದ ಗುಂಡಿಗೋ ಹೋಗಬೇಕು. ಈ ಲೆಕ್ಕಕ್ಕೆ ಒಗ್ಗದ್ದನ್ನು ನಾನು ಇಲ್ಲಿ ಹೇಳಹೋಗುವುದಿಲ್ಲ.

ಹಬ್ಬದ ಮೂಲ ಊಟದಲ್ಲಿ ಮೇಜಿನ ಅಲಂಕಾರ ಎಂಬುದೇನೂ ಇದ್ದಂತಿಲ್ಲ. 1621ರ ಶರತ್ಕಾಲದಲ್ಲಿ, ಈಗಿನ ಮ್ಯಾಸಚೂಸೆಟ್ಸಿನ ಪ್ಲಿಮತ್‌ನ ಇಂಗ್ಲಿಷ್ ವಲಸಿಗರು ಮೊದಲ ಫಸಲು ಕೈಗೆ ಬಂದ ಸಂತೋಷಕ್ಕೆ ಮೂರು ದಿನ ಉಂಡರು. ವಲಸಿಗರು ಐವತ್ತರಷ್ಟು ಮಂದಿ. ಬಂದು ಸೇರಿಕೊಂಡ ವಾಂಪನೋಗ್ ಬುಡಕಟ್ಟಿನವರು ತೊಂಬತ್ತರಷ್ಟು. ಅವರು ಐದು ಜಿಂಕೆ ಬೇಟೆಯಾಡಿ ತಂದುಕೊಟ್ಟರೆಂದು ವಲಸಿಗರಲ್ಲೊಬ್ಬನಾದ ಎಡ್ವರ್ಡ್ ವಿನ್ಸ್‌ಲೋ ಬರೆದ ಪತ್ರದಲ್ಲಿದೆ. ಮೇಜುವಸ್ತ್ರ, ಪಿಂಗಾಣಿ, ಸಾಲು ಕುರ್ಚಿಗಳ ಠೀವಿಯೆಲ್ಲ ಹತ್ತೊಂಬತ್ತನೇ ಶತಮಾನದ ಕೊಡುಗೆ. ಅದನ್ನು ತಂದವರಲ್ಲಿ ಮುಖ್ಯಳು ಸಾರಾ ಜೋಸೆಫಾ ಹೇಲ್. ಮೇರಿ ಮತ್ತು ಅವಳ ಕುರಿಮರಿಯ ಶಿಶುಗೀತೆ ಬರೆದವಳೇ ಈಕೆ. ‘ಗೋಡೀಸ್ ಲೇಡೀಸ್ ಬುಕ್’ ಎಂಬ ಪತ್ರಿಕೆಯ ಸಂಪಾದಕಿಯಾಗಿ, ಇಡೀ ದೇಶ ಒಂದೇ ದಿನ ಈ ಹಬ್ಬ ಆಚರಿಸಬೇಕೆಂದು ವರ್ಷಗಟ್ಟಲೆ ಬರೆದಳು, ಅಧ್ಯಕ್ಷರಿಗೆ ಪತ್ರ ಹಾಕಿದಳು. ಕೊನೆಗೆ 1863ರಲ್ಲಿ, ಅಂತರ್ಯುದ್ಧದ ನಡುವೆ, ಅಬ್ರಹಾಂ ಲಿಂಕನ್ ನವೆಂಬರ್ ತಿಂಗಳ ಕೊನೆಯ ಗುರುವಾರವನ್ನು ಘೋಷಿಸಿದರು. ಅದು ನಾಲ್ಕನೇ ಗುರುವಾರ ಎಂದು ಕಾನೂನಾದದ್ದು 1941ರಲ್ಲಿ.

ಹತ್ತೊಂಬತ್ತನೇ ಶತಮಾನದ ಶ್ರೀಮಂತರ ಮೇಜಿನಲ್ಲಿ ಹೂವಿಗಿಂತ ಹೆಚ್ಚು ಬೀಗುತ್ತಿದ್ದುದು ಸೆಲರಿ ಎಂಬ ಸೊಪ್ಪು. ಆಗ ಅದನ್ನು ಬೆಳೆಯುವುದು ಕಷ್ಟ, ಬೆಲೆ ಜಾಸ್ತಿ. ಹಾಗಾಗಿ ಸೆಲರಿಯ ದಂಟುಗಳನ್ನು ಎಲೆಸಮೇತ ಎತ್ತರದ ಗಾಜಿನ ಹೂದಾನಿಯಲ್ಲಿ ನಿಲ್ಲಿಸಿ ಮೇಜಿನ ನಡುವೆ ಇಡುತ್ತಿದ್ದರು. ಅದಕ್ಕೆಂದೇ ಬೇರೆ ಹೂದಾನಿ ತಯಾರಾಗುತ್ತಿತ್ತು. ನೋಡುವವರು ನೋಡಬಹುದು, ತಿನ್ನುವವರು ಕಿತ್ತು ತಿನ್ನಬಹುದು. ಈಗ ಸೆಲರಿ ತೀರಾ ಅಗ್ಗ, ಉಪಾಯ ಮಾತ್ರ ಹಳೆಯದಾಗಿಲ್ಲ. ಎರಡು ಗಾಜಿನ ಲೋಟದಲ್ಲಿ ಸೆಲರಿಯನ್ನೂ ಸಿಪ್ಪೆ ಹೆರೆದ ಕ್ಯಾರೆಟ್ಟನ್ನೂ ನಿಲ್ಲಿಸಿಟ್ಟರೆ ಟರ್ಕಿ ಬರುವ ತನಕ ಮಕ್ಕಳ ಬಾಯಿಗೂ ಕೆಲಸವಾಯಿತು.

ಥ್ಯಾಂಕ್ಸ್‌ಗಿವಿಂಗ್ ಊಟವೆಂದರೆ ಅಮೆರಿಕನ್ನರಿಗೆ ತಟ್ಟನೆ ನೆನಪಾಗುವ ಚಿತ್ರ ನಾರ್ಮನ್ ರಾಕ್‌ವೆಲ್ ಬರೆದದ್ದು. 1943ರ ಮಾರ್ಚ್‌ನಲ್ಲಿ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅಜ್ಜಿ ದೊಡ್ಡ ತಟ್ಟೆಯಲ್ಲಿ ಟರ್ಕಿಯನ್ನು ಇಡುತ್ತಿದ್ದಾಳೆ, ಅಜ್ಜ ಹಿಂದೆ ನಿಂತಿದ್ದಾನೆ, ಮೇಜಿನ ಎರಡೂ ಕಡೆ ನಗುವ ಮುಖಗಳು. ಆ ಮೇಜನ್ನು ಸಾವಧಾನವಾಗಿ ನೋಡಬೇಕು. ಬಿಳಿ ಬಟ್ಟೆ, ಬಿಳಿ ತಟ್ಟೆ, ಗಾಜಿನ ಲೋಟಗಳಲ್ಲಿ ಬರಿಯ ನೀರು. ಒಂದು ತಟ್ಟೆಯಲ್ಲಿ ಸೆಲರಿ, ಇನ್ನೊಂದರಲ್ಲಿ ಕೆಂಪು ಜೆಲ್ಲಿ, ಮುಂದುಗಡೆ ಒಂದಷ್ಟು ಹಣ್ಣು. ಅಷ್ಟೇ. ಎಲ್ಲರ ಮುಖವೂ ಎಲ್ಲರಿಗೂ ಕಾಣುತ್ತದೆ. ಟರ್ಕಿ ಇಳಿಸಲು ಜಾಗ ಖಾಲಿಯಿದೆ. ಆ ಖಾಲಿ ಜಾಗ ಬಿಡುವುದನ್ನೇ ಈಗಿನ ಅಲಂಕಾರಪ್ರಿಯರು ಮರೆತುಬಿಡುತ್ತಾರೆ. ಬಡಿಸುವ ಪಾತ್ರೆಗಳು ಹತ್ತಾದರೂ ಬರುತ್ತವೆ. ಅವಕ್ಕೆಲ್ಲ ಜಾಗ ಬಿಟ್ಟು, ಮೊಣಕೈ ಊರಿ ಕೂತಾಗ ಗಲ್ಲದ ಮಟ್ಟ ದಾಟದ ಹಾಗೆ ಅಲಂಕಾರ ಇರಬೇಕು.

ಇನ್ನು ಸಾಮಗ್ರಿ. ಎಲ್ಲಕ್ಕಿಂತ ಅಗ್ಗ ಉದುರೆಲೆ. ಆದರೆ ಹಬ್ಬ ಬಂದ ಮೇಲೆ ಎಲೆ ಹುಡುಕಲು ಹೊರಟರೆ ಕೈಗೆ ಸಿಗುವುದಿಲ್ಲ. ಬೋಸ್ಟನ್ ಕಡೆ ಮೇಪಲ್ ಮರಗಳು ಕೆಂಪಾಗುವುದು ಅಕ್ಟೋಬರ್ ನಡುವಿನಲ್ಲಿ. ನವೆಂಬರ್ ಕೊನೆಗೆ ಮರ ಬೋಳು, ನೆಲದ ಎಲೆ ಮಳೆಯಲ್ಲಿ ಕೊಳೆತು ಕಪ್ಪಾಗಿರುತ್ತದೆ. ಓಕ್ ಮರದ ಕಂದು ಎಲೆ ಮಾತ್ರ ಹಟ ಹಿಡಿದು ಕೊಂಬೆಯಲ್ಲಿ ನಿಂತಿರುತ್ತದೆ. ಕ್ಯಾಲಿಫೋರ್ನಿಯಾದ ಕೊಲ್ಲಿ ಪ್ರದೇಶದವರಿಗೆ ಈ ತಾಪತ್ರಯವಿಲ್ಲ. ಅಲ್ಲಿ ಲಿಕ್ವಿಡಂಬರ್, ಗಿಂಕೋ ಮರಗಳು ಬಣ್ಣ ತಿರುಗುವುದೇ ನವೆಂಬರ್‌ನಲ್ಲಿ. ದಕ್ಷಿಣದ ಜಾರ್ಜಿಯಾ ಕಡೆ ಮ್ಯಾಗ್ನೋಲಿಯಾ ಎಲೆ ವರ್ಷವಿಡೀ ಸಿಗುತ್ತದೆ. ಮೇಲ್ಮೈ ಎಣ್ಣೆ ಹಚ್ಚಿದಂಥ ಹಸಿರು, ಅಡಿಮೈ ಕಂದು ಮಖಮಲ್ಲು. ಅದನ್ನು ಸುಮ್ಮನೆ ಮೇಜಿನುದ್ದಕ್ಕೆ ಹಾಸಿದರೂ ಚೆಂದ.

ಉತ್ತರದವರು ಅಕ್ಟೋಬರ್‌ನಲ್ಲೇ ಎಲೆ ಆಯ್ದಿಡಬೇಕು. ಒರಟು ದಿನಪತ್ರಿಕೆಯ ನಡುವೆ ಇಟ್ಟು ಮೇಲೆ ನಾಲ್ಕು ದಪ್ಪ ಪುಸ್ತಕ ಹೇರಿದರೆ ವಾರದಲ್ಲಿ ಚಪ್ಪಟೆಯಾಗಿ ಒಣಗುತ್ತದೆ, ಆದರೆ ಮುಟ್ಟಿದರೆ ಪುಡಿ. ಮೃದುವಾಗಿ ಉಳಿಯಬೇಕೆಂದರೆ ಒಂದು ಪಾಲು ಗ್ಲಿಸರಿನ್‌ಗೆ ಎರಡು ಪಾಲು ನೀರು ಬೆರೆಸಿ, ಅಗಲ ತಟ್ಟೆಯಲ್ಲಿ ಎಲೆ ಮುಳುಗಿಸಿ, ಮೇಲೆ ಇನ್ನೊಂದು ತಟ್ಟೆ ಕವುಚಿ ಮೂರು ನಾಲ್ಕು ದಿನ ಬಿಡಬೇಕು. ಎಲೆ ನೀರಿನ ಬದಲು ಗ್ಲಿಸರಿನ್ ಕುಡಿದಿರುತ್ತದೆ. ಒರೆಸಿ ತೆಗೆದರೆ ತೊಗಲಿನ ಹಾಗೆ ಬಾಗುತ್ತದೆ, ಮುರಿಯುವುದಿಲ್ಲ. ಮಕ್ಕಳಿಗೆ ಇಷ್ಟವಾಗುವುದು ಮೇಣದ ಕಾಗದದ ದಾರಿ. ಎರಡು ಹಾಳೆಯ ನಡುವೆ ಎಲೆ ಇಟ್ಟು, ಮೇಲೊಂದು ಹಳೇ ಪಂಚೆಯ ತುಂಡು ಹಾಕಿ, ಆವಿ ಇಲ್ಲದ ಇಸ್ತ್ರಿ ಪೆಟ್ಟಿಗೆಯನ್ನು ಮಧ್ಯಮ ಬಿಸಿಯಲ್ಲಿ ಒತ್ತಬೇಕು. ಮೇಣ ಕರಗಿ ಎಲೆಯನ್ನು ಹಿಡಿದುಕೊಳ್ಳುತ್ತದೆ. ಸುತ್ತ ಸ್ವಲ್ಪ ಅಂಚು ಬಿಟ್ಟು ಕತ್ತರಿಸಿದರೆ ಲೋಟದ ಅಡಿಗೆ ಇಡುವ ಬಿಲ್ಲೆಯಾಯಿತು. ಇಸ್ತ್ರಿ ಮಾಡುವ ಪಾಲು ದೊಡ್ಡವರದು ಎಂದು ಬೇರೆ ಹೇಳಬೇಕಿಲ್ಲ.

ಮೇಜಿನ ನಡುವೆ ಉದ್ದಕ್ಕೆ ಹಾಸುವ ಪಟ್ಟಿಗೆ ಅಮೆರಿಕದ ಅಂಗಡಿಗಳಲ್ಲಿ ಕೆಲವು ವರ್ಷಗಳಿಂದ ಗೋಣಿತಟ್ಟಿನ ಹುಚ್ಚು. ಅಳತೆಗೆ ಕತ್ತರಿಸಿ ಅಂಚು ಹೊಲಿದ ಗೋಣಿಗೆ ಕೈತುಂಬ ಡಾಲರ್ ಎಣಿಸುತ್ತಾರೆ. ಅಲ್ಲಿ ನೆಲೆಸಿದ ನಮ್ಮವರಿಗೆ ಅದರ ಅಗತ್ಯವೇ ಇಲ್ಲ. ಇಂಡಿಯನ್ ದಿನಸಿ ಅಂಗಡಿಯಿಂದ ಬರುವ 10, 20 ಪೌಂಡಿನ ಬಾಸ್ಮತಿ ಅಕ್ಕಿ ಎಷ್ಟೋ ಸಲ ಗೋಣಿ ಚೀಲದಲ್ಲೇ ಇರುತ್ತದೆ. ಖಾಲಿಯಾದ ಚೀಲವನ್ನು ಗ್ಯಾರೇಜಿಗೆ ಎಸೆಯದೆ ಎತ್ತಿಟ್ಟಿರಬೇಕಷ್ಟೆ. ಅಡಿಯ ಹೊಲಿಗೆಯಲ್ಲಿ ಒಂದು ತುದಿ ಹುಡುಕಿ, ಸರಿಯಾದ ಎಳೆ ಹಿಡಿದು ಜಗ್ಗಿದರೆ ಸರಪಳಿ ಹೊಲಿಗೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ತಪ್ಪು ತುದಿ ಹಿಡಿದರೆ ಅರ್ಧ ಗಂಟೆ ಬ್ಲೇಡಿನಲ್ಲಿ ಕೆರೆಯಬೇಕು. ಬಿಚ್ಚಿದ ಬಟ್ಟೆಯನ್ನು ಹೊರಗೆ ಚೆನ್ನಾಗಿ ಕೊಡವಿ, ಅಚ್ಚಿನ ಮಗ್ಗುಲು ಕೆಳಗಾಗುವಂತೆ ಮಗುಚಿ, ನೇಯ್ಗೆಯ ಒಂದು ಎಳೆಯನ್ನು ಪೂರ್ತಿ ಎಳೆದು ತೆಗೆಯಿರಿ. ಆ ಎಳೆ ಹೋದ ಜಾಗದಲ್ಲಿ ಗೆರೆ ಎಳೆದಂತೆ ನೇರ ಕಿಂಡಿ ಮೂಡುತ್ತದೆ. ಅದರ ಗುಂಟ ಕತ್ತರಿ ಆಡಿಸಿದರೆ ಸ್ಕೇಲು ಬೇಡ. ಅಂಚಿನ ಐದಾರು ಎಳೆ ತೆಗೆದುಬಿಟ್ಟರೆ ಕುಚ್ಚು ತಾನೇ ಆಗುತ್ತದೆ, ಹೊಲಿಗೆಯೂ ಬೇಡ. ಎರಡು ಮೂರು ಚೀಲ ಸಾಲಾಗಿ ಹಾಸಿ, ಕೂಡಿದ ಜಾಗದ ಮೇಲೆ ಎಲೆ ಹರಡಿದರೆ ಜೋಡಣೆ ಯಾರಿಗೂ ಗೊತ್ತಾಗುವುದಿಲ್ಲ. ತೆಗೆದ ಎಳೆಗಳನ್ನು ಬಿಸಾಡಬೇಡಿ. ಮಡಿಸಿದ ಕೈವಸ್ತ್ರವನ್ನು ಸುತ್ತಿ ಕಟ್ಟಲು, ಗಂಟಿನಲ್ಲಿ ಒಂದು ರೋಸ್‌ಮರಿ ಕಡ್ಡಿ ಸಿಕ್ಕಿಸಲು ಅವೇ ಆಗುತ್ತವೆ.

ಗೋಣಿ ಇಲ್ಲದ ಮನೆಯಲ್ಲಿ ಪಾರ್ಸೆಲ್ ಸುತ್ತುವ ಕಂದು ಕಾಗದದ ಸುರುಳಿ ಸಾಕು. ಮೇಜಿನ ತುಂಬ ಹಾಸಿ, ತಟ್ಟೆಗೊಂದು ಕ್ರೇಯಾನ್ ಇಟ್ಟುಬಿಟ್ಟರೆ ಬಂದವರು ತಮ್ಮ ಜಾಗದಲ್ಲಿ ತಾವೇ ಬರೆದುಕೊಳ್ಳುತ್ತಾರೆ. ಯಾವುದಕ್ಕೆ ಋಣಿ ಎಂದು ಬರೆಯುವುದು ಈ ಹಬ್ಬದ ರೂಢಿ. ದೊಡ್ಡವರು ಆರೋಗ್ಯ, ಕುಟುಂಬ ಎಂದು ಗಂಭೀರವಾಗಿ ಬರೆಯುತ್ತಾರೆ. ಮಕ್ಕಳು ನಾಯಿಮರಿ, ಐಪ್ಯಾಡು, ಕುಂಬಳಕಾಯಿ ಪೈ ಎಂದು ನಿಜ ಬರೆಯುತ್ತಾರೆ. ಗ್ರೇವಿ ಚೆಲ್ಲಿದರೆ ಚಿಂತೆಯಿಲ್ಲ, ಕೊನೆಗೆ ಸುತ್ತಿ ಎತ್ತಿದರಾಯಿತು.

ಪೈನ್ ಕಾಯಿ, ಓಕ್ ಕಾಯಿಗಳನ್ನು ಮಕ್ಕಳು ಪಾರ್ಕಿನಿಂದ ಜೇಬು ತುಂಬ ತರುತ್ತಾರೆ. ತಂದದ್ದನ್ನು ಹಾಗೇ ಮೇಜಿಗೆ ಇಡಬೇಡಿ. ಓಕ್ ಕಾಯಿಯೊಳಗೆ ಮೂತಿಹುಳುವಿನ ಮರಿ ಇರುವುದು ಮಾಮೂಲು. ಮನೆಯ ಬಿಸುಪಿಗೆ ಅದು ಚಿಪ್ಪಿಗೆ ತೂತು ಕೊರೆದು, ಬಿಳಿ ಮೇಜುವಸ್ತ್ರದ ಮೇಲೆ ಹರಿದು ಬಂದರೆ ಆ ಊಟದ ನೆನಪು ಬಹುಕಾಲ ಉಳಿಯುತ್ತದೆ. 200 ಡಿಗ್ರಿ ಫ್ಯಾರನ್‌ಹೀಟ್ ಕಾವಿನಲ್ಲಿ, ಫಾಯಿಲ್ ಹಾಸಿದ ತಟ್ಟೆಯಲ್ಲಿ ಒಂದು ಗಂಟೆ ಇಟ್ಟರೆ ಹುಳುವಿನ ಕಥೆ ಮುಗಿಯಿತು. ಪೈನ್ ಕಾಯಿಯ ಅಂಟು ರಾಳ ಕರಗಿ ಮೆರುಗಾಗುತ್ತದೆ, ಮುಚ್ಚಿದ ಪಕಳೆಗಳು ಅರಳುತ್ತವೆ. ಕಾಯುತ್ತ ಅಲ್ಲೇ ಇರಬೇಕು, ರಾಳಕ್ಕೆ ಬೆಂಕಿ ಹತ್ತುವ ಗುಣವಿದೆ. ಈ ಕೆಲಸ ಹಿಂದಿನ ವಾರವೇ ಆಗಬೇಕು. ಹಬ್ಬದ ದಿನ ಓವನ್ ಟರ್ಕಿಯದು, ಬೇರೆಯವರಿಗೆ ಪ್ರವೇಶವಿಲ್ಲ.

ಅರಳಿದ ಪೈನ್ ಕಾಯಿಯನ್ನು ಅಡ್ಡ ಮಲಗಿಸಿ, ಹಿಂದಿನ ಪಕಳೆಗಳ ನಡುವೆ ಬಣ್ಣದ ಕಾಗದದ ಗರಿ ಸಿಕ್ಕಿಸಿ, ಮುಂದೆ ಕಾಗದದ ಕೊರಳು ಅಂಟಿಸಿದರೆ ಟರ್ಕಿ ಕೂತುಕೊಂಡ ಹಾಗಿರುತ್ತದೆ. ಇನ್ನೂ ಸುಲಭದ್ದು ಅಮೆರಿಕದ ಯಾವ ಶಿಶುವಿಹಾರದ ಮಗುವಿಗೂ ಗೊತ್ತಿರುವ ಅಂಗೈ ಟರ್ಕಿ. ಕಾಗದದ ಮೇಲೆ ಅಂಗೈ ಊರಿ ಸುತ್ತ ಗೆರೆ ಎಳೆದರೆ ಹೆಬ್ಬೆರಳು ತಲೆ, ಉಳಿದ ನಾಲ್ಕು ಬೆರಳು ಗರಿ. ಅದರ ಮೇಲೆ ನೆಂಟರ ಹೆಸರು ಬರೆದು ತಟ್ಟೆಯ ಮುಂದೆ ನಿಲ್ಲಿಸಿದರೆ ಯಾರು ಎಲ್ಲಿ ಕೂರಬೇಕೆಂಬುದು ತೀರ್ಮಾನವಾದಂತೆ. ಹೆಸರುಚೀಟಿಯನ್ನು ಬರಿಯ ಅಲಂಕಾರ ಎಂದುಕೊಳ್ಳಬೇಡಿ. ಈ ಹಬ್ಬದ ಮೇಜಿನಲ್ಲಿ ರಾಜಕೀಯದ ಜಗಳ ಅಮೆರಿಕದಲ್ಲಿ ಹಾಸ್ಯಕಾರರ ಖಾಯಂ ಸರಕು. ಎರಡು ಪಕ್ಷದ ಎರಡು ಚಿಕ್ಕಪ್ಪಂದಿರನ್ನು ಮೇಜಿನ ಎರಡು ತುದಿಗೆ ಕೂರಿಸುವ ಅಧಿಕಾರವನ್ನು ಆರು ವರ್ಷದ ಮಗುವಿನ ಕೈಗೆ ಕೊಟ್ಟರೆ ಯಾರೂ ತಕರಾರು ಎತ್ತುವುದಿಲ್ಲ.

ಹಿಂದೆಲ್ಲ ಮಕ್ಕಳಿಗೆ ಕಾಗದದ ಗರಿಕಿರೀಟ ಕಟ್ಟಿ ‘ಇಂಡಿಯನ್’ ಎಂದೂ, ಬಕ್ಕಲು ಹಚ್ಚಿದ ಕಪ್ಪು ಟೋಪಿ ತೊಡಿಸಿ ಆ ವಲಸಿಗರ ಹಾಗೆ ‘ಪಿಲ್‌ಗ್ರಿಮ್’ ಎಂದೂ ಕೂರಿಸುತ್ತಿದ್ದರು. ಅದನ್ನು ಈಗ ಎಷ್ಟೋ ಶಾಲೆಗಳು ಕೈಬಿಟ್ಟಿವೆ, ಬಿಟ್ಟದ್ದು ಸರಿ. ಆ ಬಗೆಯ ದೊಡ್ಡ ಗರಿಕಿರೀಟ ಬಯಲುಸೀಮೆಯ ಬುಡಕಟ್ಟುಗಳದು, ವಾಂಪನೋಗರದ್ದಲ್ಲ. ಬಕ್ಕಲಿನ ಟೋಪಿಯೂ ನಂತರದವರ ಕಲ್ಪನೆ. ಅದಕ್ಕಿಂತ ಮುಖ್ಯವಾಗಿ, 1621ರ ಆ ಊಟದ ನಂತರದ ದಶಕಗಳಲ್ಲಿ ನೆಲ ಕಳೆದುಕೊಂಡವರ ವಂಶಸ್ಥರು 1970ರಿಂದ ಇದೇ ಗುರುವಾರ ಪ್ಲಿಮತ್‌ನಲ್ಲಿ ಸೇರಿ ಶೋಕದಿನ ಆಚರಿಸುತ್ತಿದ್ದಾರೆ. ಅವರ ಉಡುಪನ್ನು ಊಟದ ಮೇಜಿನ ತಮಾಷೆ ಮಾಡುವುದು ಬೇಡ. ಅವರ ನೆಲದ ಬೆಳೆಯನ್ನು ಇಡುವುದು ಬೇರೆ ಮಾತು. ಕೆಂಪು, ನೀಲಿ, ಹಳದಿ ಕಾಳು ಬೆರೆತ ಗಟ್ಟಿ ಮೆಕ್ಕೆಜೋಳದ ತೆನೆಗಳನ್ನು ಸಿಪ್ಪೆ ಹಿಂದಕ್ಕೆ ಮಡಚಿ ಮೂರು ಮೂರರಂತೆ ಕಟ್ಟಿಟ್ಟರೆ ಅದಕ್ಕೆ ಮತ್ತೇನೂ ಸೇರಿಸಬೇಕಿಲ್ಲ. ನ್ಯೂ ಇಂಗ್ಲೆಂಡಿನ ಕೆಲವು ಮನೆಗಳಲ್ಲಿ ತಟ್ಟೆಗೆ ಐದು ಜೋಳದ ಕಾಳು ಇಡುವ ಪದ್ಧತಿಯಿದೆ. ಬರಗಾಲದಲ್ಲಿ ವಲಸಿಗರು ತಲೆಗೆ ಐದೈದೇ ಕಾಳು ಹಂಚಿಕೊಂಡಿದ್ದರು ಎಂಬ ಐತಿಹ್ಯದ ನೆನಪಿಗೆ. ಕಥೆಯನ್ನು ಚರಿತ್ರೆ ಎಂದು ಒಪ್ಪಬೇಕಾಗಿಲ್ಲ. ಕಾಸು ಖರ್ಚಿಲ್ಲದ, ಅರ್ಥವಿರುವ ಅಲಂಕಾರವೆಂದರೆ ಇದೇ.

ಬಣ್ಣಕ್ಕೆ ಕ್ರ್ಯಾನ್‌ಬೆರಿ. 12 ಔನ್ಸಿನ ಪೊಟ್ಟಣ ಹಬ್ಬದ ಕಾಲದಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಈ ಹಣ್ಣಿನೊಳಗೆ ನಾಲ್ಕು ಗಾಳಿಕೋಣೆಗಳಿರುವುದರಿಂದ ನೀರಿನಲ್ಲಿ ತೇಲುತ್ತದೆ. ಮ್ಯಾಸಚೂಸೆಟ್ಸಿನ ರೈತರು ಗದ್ದೆಗೆ ನೀರು ಕಟ್ಟಿ, ತೇಲಿದ ಹಣ್ಣನ್ನು ಬಾಚುವುದು ಇದೇ ಗುಣದಿಂದ. ಗಾಜಿನ ಬಟ್ಟಲಿಗೆ ನೀರು ತುಂಬಿ ಮೇಲೆ ಒಂದು ಪದರ ಕ್ರ್ಯಾನ್‌ಬೆರಿ ತೇಲಿಸಿ, ನಡುವೆ ಪುಟ್ಟ ತೇಲುದೀಪ ಬಿಟ್ಟರಾಯಿತು, ಉರಳಿಯಲ್ಲಿ ಹೂ ತೇಲಿಸುವವರಿಗೆ ಹೊಸದಾಗಿ ಕಲಿಯುವುದೇನಿಲ್ಲ. ಊಟವಾದ ಮೇಲೆ ಹಣ್ಣು ಸೋಸಿ ತೊಳೆದಿಡಿ. ಮೇಣ ತಾಗದ ಹಣ್ಣಾದರೆ ಮಾರನೆಯ ದಿನ ಮೆಂತ್ಯ, ಇಂಗು, ಖಾರದಪುಡಿ ಬಿದ್ದು ತೊಕ್ಕಾಗುತ್ತದೆ. ಅಮೆರಿಕದ ಕನ್ನಡದ ಅಡುಗೆಮನೆಗಳಲ್ಲಿ ಕ್ರ್ಯಾನ್‌ಬೆರಿ ಗೊಜ್ಜು, ತೊಕ್ಕು ಆಗಲೇ ಮನೆಮಾತು. ಹುಳಿಗೆ ಹುಣಿಸೆಯೇ ಬೇಕಿಲ್ಲ.

ದೀಪದ ವಿಷಯ ಬಂದದ್ದರಿಂದ ಒಂದು ಎಚ್ಚರಿಕೆ. ಅಡುಗೆಯಿಂದ ಮನೆಗೆ ಬೆಂಕಿ ಬೀಳುವ ಪ್ರಕರಣ ಅಮೆರಿಕದಲ್ಲಿ ಅತಿ ಹೆಚ್ಚಾಗುವುದು ಥ್ಯಾಂಕ್ಸ್‌ಗಿವಿಂಗ್ ದಿನವೇ. ಉರಿಯುವ ಬತ್ತಿಯಿಂದ ಒಂದಡಿಯೊಳಗೆ ಸುಡುವ ವಸ್ತು ಇರಬಾರದು ಎನ್ನುತ್ತಾರೆ ಅಗ್ನಿಸುರಕ್ಷತೆಯವರು. ಒಣ ಎಲೆ, ಗೋಣಿ, ಕಾಗದ ಹಾಸಿದ ಮೇಜಿನಲ್ಲಿ ಆ ಒಂದಡಿ ಎಲ್ಲಿಂದ ಬರಬೇಕು? ನೀರಿನ ಬಟ್ಟಲಿನಾಚೆ ಎಲ್ಲ ಕಡೆ ಬ್ಯಾಟರಿ ದೀಪವೇ ವಾಸಿ. ಪರಿಮಳದ ಮೇಣದಬತ್ತಿಯಂತೂ ಬೇಡವೇ ಬೇಡ, ಅದು ಊಟದ ಘಮವನ್ನು ಕೊಲ್ಲುತ್ತದೆ. ಘಮ ಬೇಕಿದ್ದರೆ ಕಿತ್ತಳೆಗೆ ಲವಂಗ ಚುಚ್ಚಿ ಇಡಿ. ಸೂಪರ್‌ಮಾರ್ಕೆಟ್ಟಿನ ಚಿಕ್ಕ ಸೀಸೆಯ ಲವಂಗದಲ್ಲಿ ಈ ಕೆಲಸ ಮಾಡಹೊರಟರೆ ದಿವಾಳಿ, ಇಂಡಿಯನ್ ಅಂಗಡಿಯ ಪೊಟ್ಟಣ ಸಾಕಷ್ಟು ಅಗ್ಗ.

ಕುಂಬಳಕಾಯಿ ಇಲ್ಲದೆ ಈ ಹಬ್ಬವಿಲ್ಲ. ಅಕ್ಟೋಬರ್ 31ರ ಹ್ಯಾಲೋವೀನ್ ಮುಗಿದ ಮರುದಿನವೇ ಅದರ ಬೆಲೆ ಇಳಿಯುತ್ತದೆ, ಆಗ ಕೊಳ್ಳಿ. ಮುಖ ಕೆತ್ತುವ ದೊಡ್ಡ ಕಾಯಿ ನೀರು ನೀರು. ಪೈಗೆ ಬಳಸುವ ಚಿಕ್ಕದು ಸಿಹಿ. ಅದನ್ನು ಇಡಿಯಾಗಿ ಮೇಜಿನ ಮೇಲಿಟ್ಟು, ಶುಕ್ರವಾರ ಹುಳಿಯನ್ನೋ ಕಡುಬನ್ನೋ ಮಾಡಬಹುದು. ಅಂದಕ್ಕೆಂದೇ ಮಾರುವ ಗಂಟುಗಂಟಿನ ಸೋರೆಗಳು ಕಹಿ, ತಿಂದರೆ ಹೊಟ್ಟೆ ಕೆಡುತ್ತದೆ. ಬಣ್ಣ ಬಳಿದ ಕಾಯಿ ಅಡುಗೆಗೂ ಇಲ್ಲ, ಗೊಬ್ಬರಕ್ಕೂ ಇಲ್ಲ. ಹಾಗೆಯೇ ಬೇಲಿಯ ಮೇಲೆ ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಬಿಟರ್‌ಸ್ವೀಟ್ ಬಳ್ಳಿಯ ಕಾಯಿಯನ್ನು ಮಕ್ಕಳಿರುವ ಮೇಜಿಗೆ ತರಬೇಡಿ. ಅದು ವಿಷ. ಏಷ್ಯಾದಿಂದ ಬಂದು ಕಾಡನ್ನೇ ನುಂಗುತ್ತಿರುವ ಅದರ ಒಂದು ಜಾತಿಯನ್ನು ಮಾರುವುದನ್ನೇ ಮ್ಯಾಸಚೂಸೆಟ್ಸ್ ನಿಷೇಧಿಸಿದೆ.

ಹೂವೆಂದರೆ ಸೇವಂತಿಗೆ. ಅಲ್ಲಿ ಅದನ್ನು ‘ಮಮ್ಸ್’ ಎನ್ನುತ್ತಾರೆ, ಮಾಲೆ ಕಟ್ಟುವುದಿಲ್ಲ, ಕುಂಡದಲ್ಲಿ ಹೊಸ್ತಿಲ ಮುಂದೆ ಇಡುತ್ತಾರೆ. ನವೆಂಬರ್ ಕೊನೆಗೆ ಉಳಿದ ಕುಂಡಗಳನ್ನು ಅಂಗಡಿಯವರು ಸಿಕ್ಕಷ್ಟಕ್ಕೆ ಕೊಟ್ಟು ಖಾಲಿ ಮಾಡುತ್ತಾರೆ. ಒಂದು ಕುಂಡದ ಹೂ ಕತ್ತರಿಸಿ ಖಾಲಿ ಉಪ್ಪಿನಕಾಯಿ ಬಾಟಲಿಗಳಲ್ಲಿ ಎರಡೆರಡು ಇಟ್ಟರೆ ಇಡೀ ಮೇಜಿಗಾಗುತ್ತದೆ. ಬಾಟಲಿಯ ಉಪ್ಪಿನಕಾಯಿ ವಾಸನೆ ಮಾತ್ರ ಅಡುಗೆಸೋಡಾ ಹಾಕಿ ತೊಳೆದರೂ ಪೂರ್ತಿ ಹೋಗದು, ಮುಚ್ಚಳವನ್ನು ಎಸೆದುಬಿಡಿ.

ಮಗಳ ಬಾಣಂತನಕ್ಕೋ ಮೊಮ್ಮಗನನ್ನು ನೋಡಲೋ ಹೋಗಿ ನವೆಂಬರ್‌ನಲ್ಲಿ ಅಲ್ಲೇ ಇರುವ ನಮ್ಮೂರ ಅಜ್ಜಿಯರಿಗೆ ಈ ಹಬ್ಬ ಮೊದಮೊದಲು ಬೇಸರದ್ದು. ಊಟ ಅವರದಲ್ಲ, ಭಾಷೆ ಅವರದಲ್ಲ, ಚಳಿಗೆ ಹೊರಗೆ ಕಾಲಿಡುವಂತಿಲ್ಲ. ಆದರೆ ಮಾಲೆ ಕಟ್ಟಿ, ರಂಗೋಲಿ ಇಟ್ಟು, ಬಾಳೆನಾರಿನಲ್ಲಿ ಗಂಟು ಹಾಕಿ ಪಳಗಿದ ಕೈಗೆ ಇಲ್ಲಿ ಹೇಳಿದ್ದೆಲ್ಲ ಎಡಗೈ ಕೆಲಸ. ಅಮೆರಿಕನ್ನರು ಕ್ರ್ಯಾನ್‌ಬೆರಿಯನ್ನೂ ಪಾಪ್‌ಕಾರ್ನನ್ನೂ ಸೂಜಿದಾರದಲ್ಲಿ ಪೋಣಿಸಿ ಕ್ರಿಸ್ಮಸ್ ಮರಕ್ಕೆ ಸುತ್ತುತ್ತಾರೆ. ಅದನ್ನೇ ನಾಲ್ಕು ವಾರ ಮೊದಲು ಮೇಜಿಗಾಗಿ ಪೋಣಿಸಬಹುದು. ಮಕ್ಕಳು ಪಕ್ಕದಲ್ಲಿ ಕೂತು ಕಲಿಯುತ್ತಾರೆ, ಮಾತಿಗೆ ಇಂಗ್ಲಿಷ್ ಬೇಕಾಗುವುದಿಲ್ಲ. ಕೆಲವು ಕನ್ನಡ ಮನೆಗಳಲ್ಲಿ ಟರ್ಕಿಯ ಜಾಗದಲ್ಲಿ ಬಿಸಿಬೇಳೆ ಭಾತಿನ ಪಾತ್ರೆ ಕೂರುತ್ತದೆ. ಅದಕ್ಕೂ ಈ ಗೋಣಿ, ಈ ಎಲೆ ಒಪ್ಪುತ್ತವೆ.

2026ರಲ್ಲಿ ಈ ಹಬ್ಬ ನವೆಂಬರ್ 26ಕ್ಕೆ. ಆ ಹೊತ್ತಿಗೆ ಮಕ್ಕಳ ಮನೆಗೆ ಹೊರಡುವವರು ಸೂಟ್‌ಕೇಸಿನಲ್ಲಿ ಮಾವಿನ ಸೊಪ್ಪು, ಕರಿಬೇವು, ಬೀಜ ತುಂಬಿಕೊಂಡು ಹೋಗಬೇಡಿ, ವಿಮಾನ ನಿಲ್ದಾಣದಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ. ಒಂದು ಉಂಡೆ ದಾರ, ಒಂದು ದಬ್ಬಳ ಸಾಕು. ದಬ್ಬಳವನ್ನು ಕೈಚೀಲದಲ್ಲಿ ಇಡದೆ ಚೆಕ್-ಇನ್ ಪೆಟ್ಟಿಗೆಗೇ ಹಾಕಿ.